ಹಿರಿಯರು ತೆಗೆಯಬೇಕೆಂದ ಹಾಳೆ

ಇಂಗ್ಲೆಂಡಿನ ಕ್ವೇಕರರೆಂಬ ಕ್ರೈಸ್ತ ಪಂಗಡದಲ್ಲಿ ಯಾರ ಬರಹವೂ ಹಿರಿಯರ ಕಣ್ಣು ತಪ್ಪಿಸಿ ಅಚ್ಚಿಗೆ ಹೋಗುವಂತಿಲ್ಲ. ಗಂಡ ಗರ್ವೇಸ್ ಸತ್ತು ವರ್ಷವಾದ ಮೇಲೆ, ಅವನು ಬರೆದಿಟ್ಟಿದ್ದ ಜೀವನಕಥೆ ಹಿಡಿದುಕೊಂಡು ಡೋರ್ಕಸ್ ಥ್ವೇಟ್ ಕೆಂಡಲ್ ಊರಿನ ಸಭೆಮನೆಗೆ ಬಂದಿದ್ದಳು. ಎದುರಿಗೆ ನಾಲ್ವರು ಹಿರಿಯರು. ಅವಳಿಗೆ ಓದು ಬಾರದು.

"ಎಲ್ಲಾ ಚೆನ್ನಾಗಿದೆ ಡೋರ್ಕಸ್," ಎಂದ ಅವರಲ್ಲಿ ಮುಖ್ಯನಾದ ಅಂಬ್ರೋಸ್ ಕಿಟ್ಸನ್. "ಈ ಒಂದು ಹಾಳೆ ಮಾತ್ರ ತೆಗೀಬೇಕು."

ಯಾವುದೆಂದು ಅವಳಿಗೆ ಗೊತ್ತಿತ್ತು. ಬರೆದ ದಿನ ಗರ್ವೇಸ್ ಅದರ ಮೇಲೆ ಬೆರಳಿಟ್ಟು, "ಇಲ್ಲಿದಾಳೆ" ಎಂದಿದ್ದ. ಆಣೆ ಇಡುವುದು ಕ್ವೇಕರರಿಗೆ ಪಾಪ; ಕೋರ್ಟಿನಲ್ಲಿ ಆಣೆ ಇಡಲೊಲ್ಲೆ ಎಂದು ಲ್ಯಾಂಕಾಸ್ಟರ್ ಜೈಲಿನಲ್ಲಿ ಮೂರು ಚಳಿಗಾಲ ಕೊಳೆತವನು ಅವನು. ಮಗಳಿಗೆ ಜ್ವರವೆಂದು ತಿಳಿದು, ಬೈಬಲ್ ಮುಟ್ಟಿ ಆಣೆ ಮಾಡಿ, ಬಿಡಿಸಿಕೊಂಡು ಓಡಿಬಂದ. ಮಗುವನ್ನು ಮಣ್ಣು ಮಾಡಿ ಆಗಲೇ ಎರಡು ದಿನವಾಗಿತ್ತು. ವಾರ ಕಳೆದು ತಾನೇ ವಾಪಸು ಹೋಗಿ ನ್ಯಾಯಾಧೀಶನಿಗೆ, "ಆ ಆಣೆ ಸುಳ್ಳು, ನನ್ನನ್ನ ಒಳಗೆ ಹಾಕು" ಎಂದ.

"ಸರ್ಕಾರಿ ಚರ್ಚಿನ ಪಾದ್ರಿಗಳಿಗೆ ಇದು ಸಿಕ್ಕಿದ್ರೆ ನಮ್ಮನ್ನ ಆಡ್ಕೊಂಡು ನಗ್ತಾರೆ," ಎಂದ ಅಂಬ್ರೋಸ್.

"ನಗಲಿ ಬಿಡು. ನಮ್ಮೋರು ಗೋರಿಗೆ ಕಲ್ಲು ಇಡಲ್ಲ. ಹುಟ್ಟು ಸಾವು ಬರೆದಿಡೋ ಸಭೆ ದಫ್ತರಾನ ಸಿಪಾಯಿಗಳು ಸುಟ್ರು. ನನ್ನ ಮಗಳ ಹೆಸರು ಉಳಿದಿರೋದು ಆ ಹಾಳೇಲಿ ಮಾತ್ರ."

ಕೈಯೆತ್ತಿಸಿ ಎಣಿಸುವ ಪದ್ಧತಿ ಇವರಲ್ಲಿಲ್ಲ. ಎಲ್ಲರ ಮನಸ್ಸು ಒಂದಾಗುವವರೆಗೆ ಸುಮ್ಮನೆ ಕೂರಬೇಕು. ನಮ್ಮ ನಿಮ್ಮಂಥ ಬಾಯಿಬಡುಕರಿಗೆ ಆಗದ ಕೆಲಸ.

ಕೊನೆಗೆ ಅಂಬ್ರೋಸ್ ಒಂದು ದಾರಿ ತೋರಿಸಿದ. "ಆಣೆ ವಿಷಯ ಬಿಟ್ಟು ಹೆಸರು ಉಳಿಸೋಣ. ಅವನು ಜೈಲಲ್ಲಿದ್ದಾಗ ಮಗಳು ತೀರ್ಕೊಂಡ್ಳು ಅಂತ ಹಾಕೋಣ. ಅದೇನೂ ಸುಳ್ಳಲ್ವಲ್ಲ."

ಡೋರ್ಕಸ್‌ಳ ಮನಸ್ಸು ಹೊಯ್ದಾಡಿತು. ಮಗಳ ಹೆಸರೂ ಉಳಿಯುತ್ತದೆ, ಗಂಡನ ಮರ್ಯಾದೆಯೂ ಉಳಿಯುತ್ತದೆ. ಹೂಂ ಎನ್ನಬೇಕೆಂದು ಬಾಯಿ ತೆರೆದಳು, ಆಗಲಿಲ್ಲ.

"ನಾವು ಆಣೆ ಯಾಕೆ ಇಡಲ್ಲ, ಅಂಬ್ರೋಸ್? ಆಡೋ ಮಾತೆಲ್ಲ ನಿಜವೇ ಆಗಿರ್ಬೇಕು ಅಂತ ತಾನೆ? ಅವನು ಓಡಿಬಂದಿದ್ದನ್ನ ಮುಚ್ಚಿಡೋದಾದ್ರೆ ಅವಳ ಹೆಸರೂ ಬೇಡ. ಇಡೀ ಪುಸ್ತಕಾನೇ ಒಲೆಗೆ ಹಾಕ್ಬಿಡು."

ಹೇಳಿಬಿಟ್ಟ ಮೇಲೆ ಅವಳಿಗೆ, ಮಗಳನ್ನು ಎರಡನೆಯ ಸಲ ಮಣ್ಣು ಮಾಡಿದೆನಲ್ಲಾ ಎಂದು ಸಂಕಟವಾಯಿತು.

ಬಹಳ ಹೊತ್ತಾದ ಮೇಲೆ ಅಂಬ್ರೋಸ್ ಉಳಿದ ಮೂವರ ಮುಖ ನೋಡಿದ, ಹಾಳೆ ಇರಲಿ ಎಂದು ಒಬ್ಬೊಬ್ಬರಾಗಿ ತಲೆಯಾಡಿಸಿದರು. ಅವನು ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದು, ಆಣೆಯಿಂದ ಹಿಡಿದು ಮಣ್ಣಿನವರೆಗೆ ಒಂದಕ್ಷರ ಬಿಡದೆ ಗಟ್ಟಿಯಾಗಿ ಓದಿದ.

"ಕೆಟುರಾ," ಎಂದು ಮಗಳ ಹೆಸರನ್ನೂ ಓದಿದ. "ಆರು ವರ್ಷ."

ಹನ್ನೆರಡು ವರ್ಷಗಳಿಂದ ಆ ಹೆಸರನ್ನು ಅವಳೆದುರು ಯಾರೂ ಎತ್ತಿರಲಿಲ್ಲ. ಗರ್ವೇಸ್ ಕೂಡ ಬರೆದನೇ ಹೊರತು ಒಮ್ಮೆಯೂ ಬಾಯಿಬಿಟ್ಟು ಹೇಳಿರಲಿಲ್ಲ.

"ಇನ್ನೊಂದ್ಸಲ ಓದು," ಎಂದಳು ಡೋರ್ಕಸ್.