ಇಳಿಯದ ದ್ವೀಪ

ಕಲ್ಯಾಣಪುರದ ಕಡೆ ಹೋಗಿ ಇಮ್ಯಾನುಯೆಲ್ ಮನೆ ಎಲ್ಲಿ ಎಂದರೆ ಯಾವ ಇಮ್ಯಾನುಯೆಲ್ ಎಂದು ತಿರುಗಿ ಕೇಳುತ್ತಾರೆ. ಹಡಗಿನ ಇಮ್ಯಾನುಯೆಲ್ ಎಂದರೆ ಗೇಟಿನವರೆಗೆ ಬಂದು ಬಿಟ್ಟು ಹೋಗುತ್ತಾರೆ. ಅವನು ಹಡಗಿನ ಕೆಲಸ ಬಿಟ್ಟು ಹನ್ನೊಂದು ವರ್ಷವಾಯಿತು, ಹೆಸರಿಗೆ ಅಂಟಿದ ಹಡಗು ಮಾತ್ರ ಬಿಟ್ಟಿಲ್ಲ. ಪ್ರವಾಸಿಗಳನ್ನು ಹೊತ್ತು ಸುತ್ತುವ ದೊಡ್ಡ ಹಡಗಿನಲ್ಲಿ ಅವನು ಇಪ್ಪತ್ತು ವರ್ಷ ಮಾಡಿದ್ದು ಬೇರೆಯವರ ಹಾಸಿಗೆ ಹಾಸುವ, ಬಚ್ಚಲು ತಿಕ್ಕುವ ಕೆಲಸ. ಊರಿಗೆ ಬಂದು ಹೇಳಿದ್ದು ಸಾಂತ್ ರೋಕ್ ದ್ವೀಪದ ಕಥೆ. ಬಚ್ಚಲಿನ ಕಥೆ ಯಾರಿಗೆ ಬೇಕು?

ಉಳಿದ ಬಂದರುಗಳಿಗೆ ಬೆಳಿಗ್ಗೆ ಬಂದ ಹಡಗು ಸಂಜೆಗೆ ಹೊರಟುಬಿಡುತ್ತಿತ್ತಂತೆ. ಸಾಂತ್ ರೋಕ್ ಒಂದರಲ್ಲಿ ಮಾತ್ರ ಎರಡು ಹಗಲು, ನಡುವೆ ಒಂದು ರಾತ್ರಿ, ಬಂದರಿನ ಧಕ್ಕೆಗೆ ಹಗ್ಗ ಕಟ್ಟಿ ನಿಲ್ಲುತ್ತಿತ್ತಂತೆ. ಗುಡ್ಡದ ಮೇಲೆ ನೀಲಿ ಬಾಗಿಲಿನ ಇಗರ್ಜಿ, ಕೆಳಗೆ ಕಡಲ ದಂಡೆಯಲ್ಲಿ ಮಲ್ಪೆಯದಕ್ಕಿಂತ ಬಿಳಿಯ ಹೊಯಿಗೆ, ಸುಟ್ಟ ಮೀನು ಮಾರುವ ಮುದುಕಿ, ಅವಳ ಅಂಗಳದಲ್ಲಿ ಗಿಟಾರು ಮತ್ತು ಕುಣಿತ. ಕಲ್ಯಾಣಪುರದ ಕಡೆ, ಸೆಪ್ಟೆಂಬರಿನಲ್ಲಿ ಮೇರಿ ಮಾತೆಯ ಮೊಂತಿ ಹಬ್ಬಕ್ಕೆ ಇಗರ್ಜಿಯಲ್ಲಿ ಆಶೀರ್ವಾದವಾದ ಹೊಸ ತೆನೆಯ ಕಾಳನ್ನು ಹಾಲಿಗೆ ಹಾಕಿ ಮನೆಮಂದಿಯೆಲ್ಲ ಕುಡಿಯುವುದು, ದೂರ ಇದ್ದವರ ಪಾಲಿನ ಕಾಳನ್ನು ಲಕೋಟೆಯಲ್ಲಿಟ್ಟು ಅಂಚೆಗೆ ಹಾಕುವುದು ಕ್ರೈಸ್ತ ಮನೆಗಳಲ್ಲಿ ರೂಢಿ. ತನ್ನ ಪಾಲಿನ ಕಾಳನ್ನು ಆ ನೀಲಿ ಬಾಗಿಲಿನ ಮೆಟ್ಟಿಲ ಮೇಲೆ ಕುಳಿತು ತಿಂದೆ ಎಂದು ಇಮ್ಯಾನುಯೆಲ್ ಪ್ರತಿ ವರ್ಷ ಕಾಗದ ಬರೆಯುತ್ತಿದ್ದ. ಊರಿಗೆ ಬಂದು ನೆಲೆ ನಿಂತ ಮೇಲೂ ಹಬ್ಬದ ಊಟದ ನಡುವೆ ನಂಟರಲ್ಲಿ ಒಬ್ಬರಾದರೂ, "ಆ ದ್ವೀಪದ್ದು ಹೇಳು ಮಾರಾಯ" ಎನ್ನುತ್ತಿದ್ದರು. ಅವನು ಶುರು ಮಾಡಿದ ಕೂಡಲೇ ಅವನ ಹೆಂಡತಿ ತೆರೆಸಾ ಬಾಳೆಲೆಯ ಮುಂದಿನಿಂದ ಎದ್ದು ಒಳಗೆ ಹೋಗುತ್ತಿದ್ದಳು. ಪಾಯಸ ತರಲು ಹೋದಳು ಎಂದು ನಂಟರು ತಿಳಿದಿದ್ದರು.

ಅವಳು ಒಳಗೆ ಹೋಗಿ ಗೋಡೆ ಹಿಡಿದು ನಿಲ್ಲುತ್ತಿದ್ದಳು. ಇಪ್ಪತ್ತೆರಡು ವರ್ಷದ ಹಿಂದೆ, ಗಂಡ ಹಡಗಿನಲ್ಲಿದ್ದಾಗ, ಅವರ ನಾಲ್ಕು ವರ್ಷದ ಮಗ ಇವಾನ್ ಜ್ವರ ಏರಿ ಮಣಿಪಾಲದ ಒಂದು ಆಸ್ಪತ್ರೆಯಲ್ಲಿ ಮಲಗಿದ್ದ. ಮಂಗಳವಾರ ಬೆಳಿಗ್ಗೆ ಡಾಕ್ಟರು, ಮಗುವಿನ ಅಪ್ಪನನ್ನು ಕರೆಸಿಕೊಳ್ಳಿ ಎಂದರು. ತೆರೆಸಾಳ ಅಣ್ಣ ಬೆಂಜಮಿನ್ ಎಸ್‌ಟಿಡಿ ಬೂತಿಗೆ ಓಡಿ ಮುಂಬಯಿಯ ಕಂಪೆನಿ ಆಫೀಸಿಗೆ ಫೋನು ಮಾಡಿದ, ಅವರು ಹಡಗಿಗೆ ಸುದ್ದಿ ಮುಟ್ಟಿಸಿದರು. ಇವಾನ್ ಮೂರು ದಿನ ಬಾಗಿಲು ನೋಡಿದ. ವರಾಂಡದಲ್ಲಿ ಯಾರ ಚಪ್ಪಲಿ ಸದ್ದಾದರೂ "ಡ್ಯಾಡಿಯಾ?" ಎಂದು ಕೇಳಿದ. ಶುಕ್ರವಾರ ಸಂಜೆ ಕೇಳುವುದು ನಿಂತಿತು.

ಇಮ್ಯಾನುಯೆಲ್ ಬಂದದ್ದು ಎರಡು ತಿಂಗಳ ಮೇಲೆ, ಕರಾರು ಮುಗಿಸಿಕೊಂಡು. ಹಡಗು ಮಂಗಳವಾರ ಸಾಂತ್ ರೋಕ್‌ನಲ್ಲಿ ನಿಂತಿತ್ತು, ಮೀನಿನ ಮುದುಕಿಯ ಮನೆಯಲ್ಲಿ ಮದುವೆ, ತಾನು ಇಳಿದು ಹೋಗಿದ್ದೆ, ರಾತ್ರಿ ಅಲ್ಲೇ ಉಳಿದೆ, ಮರುದಿನ ಹಗ್ಗ ಬಿಚ್ಚುವ ಹೊತ್ತಿಗೆ ಓಡಿ ಬಂದು ಹತ್ತಿದೆ, ಸುದ್ದಿಯ ಚೀಟಿ ಕೈಗೆ ಬಂದಾಗ ಸುತ್ತಲೂ ನೀರು ಎಂದ. ತೆರೆಸಾ ನಂಬಿದಳು. ನಂಬಿದ್ದೇ ಅವಳ ಕಾಯಿಲೆಯಾಯಿತು. ಮಗ ಬಾಗಿಲು ನೋಡುತ್ತಿದ್ದ ಹೊತ್ತಿನಲ್ಲಿ ಗಂಡ ಯಾವ ಅಂಗಳದಲ್ಲಿ, ಯಾರ ಸೊಂಟ ಹಿಡಿದು, ಯಾವ ಹಾಡಿಗೆ ಕುಣಿಯುತ್ತಿದ್ದ ಎಂದು ಅವಳು ಎಣಿಸದ ದಿನವಿಲ್ಲ. ಬೈಯಲಿಲ್ಲ, ಅಳಲಿಲ್ಲ. ಅನ್ನ ಬಡಿಸಿದಳು, ಅಂಗಿ ಇಸ್ತ್ರಿ ಹಾಕಿದಳು, ಅವನು ಪುನಃ ಹಡಗಿಗೆ ಹೊರಟಾಗ ಉಪ್ಪಿನಕಾಯಿ ಕಟ್ಟಿ ಕೊಟ್ಟಳು. ಹೊಟ್ಟೆಯೊಳಗಿನ ಕೆಂಡ ಮಾತ್ರ ಆರಲು ಬಿಡಲಿಲ್ಲ.

ಮಗಳು ಆನ್ಸಿಲ್ಲಾಗೆ ಇದು ಯಾವುದೂ ತಿಳಿಯದು. ಅಣ್ಣ ಹೋದಾಗ ಅವಳು ಕಂಕುಳ ಕೂಸು. ಈಗ ಮಣಿಪಾಲದ ಕಚೇರಿಯೊಂದರಲ್ಲಿ ಕೆಲಸಕ್ಕಿದ್ದಾಳೆ, ಕೈಗೆ ಸಂಬಳ ಬಂದ ಮೇಲೆ ಅಪ್ಪ ಅಮ್ಮನಿಗೆ ಏನಾದರೂ ಮಾಡಬೇಕೆಂಬ ಆಸೆ. ಒಂದು ಭಾನುವಾರ ಪೂಜೆ ಮುಗಿಸಿ ಬಂದವಳೇ ಮೊಬೈಲು ತೆರೆದು ತೋರಿಸಿದಳು.

"ಮಮ್ಮಿ, ಡ್ಯಾಡಿಯ ದ್ವೀಪಕ್ಕೆ ಈಗಲೂ ಹಡಗು ಉಂಟು. ಬೇರೆ ಊರಿಲ್ಲ, ಅದೊಂದಕ್ಕೇ ಹೋಗುದು, ರಾತ್ರಿ ಅಲ್ಲೇ ನಿಲ್ಲುದು, ಬರುದು. ನಿಮ್ಮ ಮದುವೆಯ ಮೂವತ್ತನೇ ವರ್ಷಕ್ಕೆ ನನ್ನದು ಗಿಫ್ಟ್."

"ನಿನಗೆ ಮರುಳಾ?" ಎಂದ ಇಮ್ಯಾನುಯೆಲ್. "ನನಗೆ ಮಂಡಿನೋವು. ಆ ಹಡಗು, ನೀರು ಎಲ್ಲ ನೋಡಿ ಸಾಕಾಗಿ ಉಂಟು."

"ಹೋಗುವ," ಎಂದಳು ತೆರೆಸಾ.

ಅಪ್ಪ ಮಗಳು ಇಬ್ಬರೂ ತಿರುಗಿ ನೋಡಿದರು. ಕಾರ್ಕಳದ ಅತ್ತೂರು ಜಾತ್ರೆಗೆ ಕರೆದರೂ ಕಾಲು ನೋವು ಎನ್ನುವವಳು ಅವಳು. ಆದರೆ ಅವಳ ಮನಸ್ಸಿನಲ್ಲಿ ಬೇರೆಯೇ ಇತ್ತು. ಆ ಅಂಗಳವನ್ನು ಕಣ್ಣಾರೆ ಕಾಣಬೇಕು. ಗಂಡನನ್ನು ಅದರ ನಡುವೆ ನಿಲ್ಲಿಸಿ, ಇಲ್ಲಿ ನೀವು ಕುಣಿಯುವಾಗ ಅಲ್ಲಿ ನನ್ನ ಮಗು ಬಾಗಿಲು ನೋಡುತ್ತಿತ್ತು ಎಂದು ಹೇಳಬೇಕು. ಮನೆಯಲ್ಲಿ ಆ ಮಾತು ಬಾಯಿಗೆ ಬರುತ್ತಿರಲಿಲ್ಲ, ಅಲ್ಲಿ ಬರುತ್ತದೆ ಎಂದು ಅವಳಿಗೆ ಖಾತ್ರಿಯಿತ್ತು. ಆ ಒಂದು ಮಾತಿಗಾಗಿ ಐವತ್ತೆಂಟರ ಹೆಂಗಸು ಪಾಸ್‌ಪೋರ್ಟ್ ಮಾಡಿಸಿದಳು.

ಪಾಸ್‌ಪೋರ್ಟ್ ಬಂದ ಮೇಲೆ ತಾಯಿ ಮಗಳು ಉಡುಪಿಗೆ ಹೋದರು. ಸಿಟಿ ಬಸ್ ನಿಲ್ದಾಣದ ಹತ್ತಿರ, ಬಳೆ ಅಂಗಡಿಯ ಮಹಡಿಯ ಮೇಲೆ ಪ್ರವಾಸದ ಆಫೀಸು. ನಡೆಸುವವನು ಕಾರ್ಕಳದ ಲಿಯೋನೆಲ್, ಐವತ್ತರ ಹತ್ತಿರದ ನಗುಮುಖದ ಮನುಷ್ಯ. ಕಾಗದಪತ್ರ ನೋಡುತ್ತಿದ್ದವನು ಇಮ್ಯಾನುಯೆಲ್‌ನ ಫೋಟೋ ಕಂಡು ಕುರ್ಚಿಯಿಂದ ಎದ್ದೇಬಿಟ್ಟ. ಕೊಂಕಣಿಯವರ ರೂಢಿಯಂತೆ ಹಿರಿಯ ಗಂಡಸರನ್ನು ಬಾಬ್, ಹೆಂಗಸರನ್ನು ಬಾಯಿ ಎನ್ನುವವನು ಅವನು.

"ದೇವರೇ, ನೀವು ಇಮ್ಯಾನುಯೆಲ್ ಬಾಬ್‌ರ ಮನೆಯವರಾ? ಒಂದೇ ಹಡಗಿನಲ್ಲಿ ಇದ್ದವರು ನಾವು, ನಾನು ಅಡುಗೆಮನೆಯಲ್ಲಿ. ಮತ್ತೆ ನಾನು ದುಬಾಯಿಗೆ ಹೋಗಿ ಅಲ್ಲೇ ಹದಿನೆಂಟು ವರ್ಷ. ಊರಿಗೆ ಬಂದು ವರ್ಷ ಆಯ್ತು, ಬಾಬ್‌ರನ್ನು ಹುಡುಕಿ ಹೋಗಲಿಕ್ಕೇ ಆಗಲಿಲ್ಲ. ಅವರೂ ಬರ್ತಾರಲ್ವಾ? ಬರಲೇಬೇಕು ಬಾಯಿ. ಪಾಪ, ಕಡೆಗೊಮ್ಮೆ ಆದರೂ ಆ ದ್ವೀಪಕ್ಕೆ ಇಳಿಯಲಿ."

"ಕಡೆಗೊಮ್ಮೆ ಎಂದರೆ ಎಂತ?" ತೆರೆಸಾ ಕೇಳಿದಳು.

"ಅವರು ಎಲ್ಲಿ ಇಳಿದಿದ್ದಾರೆ? ಹಡಗು ಧಕ್ಕೆಯಲ್ಲಿ ನಿಂತಾಗ ಕೆಲಸದವರಲ್ಲಿ ಮೂರರಲ್ಲಿ ಒಂದು ಪಾಲು ಮೇಲೆಯೇ ಇರಬೇಕು, ಬೆಂಕಿಗಿಂಕಿ ಆದರೆ ಅಂತ. ಅದಕ್ಕೊಂದು ಪಾಳಿ. ಸಾಂತ್ ರೋಕ್ ಬಂದರೆ ನಮಗೆಲ್ಲ ಇಳಿಯುವ ಅರ್ಜೆಂಟು, ಎರಡು ದಿನ ಸಿಗುದು ಅಲ್ಲಿ ಮಾತ್ರ ನೋಡಿ. ಬಾಬ್ ನಮ್ಮೆಲ್ಲರ ಪಾಳಿ ತಾವೇ ಮಾಡುವರು. ಯಾರು ಕೇಳಿದರೂ ಇಲ್ಲ ಅಂತ ಹೇಳಿದವರಲ್ಲ. ಮೇಲಿನವರಿಗೂ ಅಂಥವರೇ ಬೇಕು, ಪ್ರತಿ ಸಲ ಮೊದಲು ಕರೆಯುದು ಅವರನ್ನೇ."

"ಒಂದು ಸಲವೂ ಇಳಿಯಲಿಲ್ವಾ?"

"ನಾನಿದ್ದ ಏಳು ವರ್ಷ ಇಲ್ಲ. ನಾವು ಸುತ್ತಿ ಬಂದ ಮೇಲೆ ಹತ್ತಿರ ಕೂತು ಎಲ್ಲ ಕೇಳುವರು. ಇಗರ್ಜಿಯ ಬಾಗಿಲಿಗೆ ಯಾವ ಬಣ್ಣ, ಮೀನಿಗೆ ಎಂತ ಹಾಕಿ ಸುಡ್ತಾರೆ. ಮನೆಗೆ ಬರೆಯಲಿಕ್ಕೆ ಉಂಟು ಅಂತ ಹೇಳುವರು."

ಆನ್ಸಿಲ್ಲಾ ನಕ್ಕುಬಿಟ್ಟಳು. ಅಪ್ಪನ ಬಡಾಯಿ ಸಿಕ್ಕಿಬಿದ್ದಿತಲ್ಲ ಎಂದು ಅವಳಿಗೆ ತಮಾಷೆ. ತೆರೆಸಾ ಮೇಜಿನ ಅಂಚು ಹಿಡಿದುಕೊಂಡಳು.

"ಮೀನಿನ ಮುದುಕಿಯ ಮನೆಯಲ್ಲಿ ಒಂದು ಮದುವೆ ಆಯಿತಂತೆ."

"ಅದಕ್ಕೆ ಹೋದದ್ದು ನಾನು ಬಾಯಿ! ರಾತ್ರಿ ಅಲ್ಲೇ ಉಳಿದೆ. ನನ್ನ ಪಾಳಿ ಬಾಬ್ ಮಾಡಿದ್ದು." ಲಿಯೋನೆಲ್ ಅಷ್ಟಕ್ಕೆ ಸ್ವರ ತಗ್ಗಿಸಿದ. "ಅದೇ ವಾರ ಅಲ್ವಾ ನಿಮ್ಮ ಮಗುವಿನ ಸುದ್ದಿ ಬಂದದ್ದು. ಆ ದಿನವೂ ಬಾಬ್ ಕೆಲಸ ಬಿಟ್ಟು ಕೂತವರಲ್ಲ. ಅಂಥ ಮನುಷ್ಯ."

ಆನ್ಸಿಲ್ಲಾಳ ನಗು ನಿಂತಿತು. ತೆರೆಸಾ, ಟಿಕೆಟಿನ ವಿಷಯ ಸಂಜೆ ಹೇಳುತ್ತೇನೆ ಎಂದು ಎದ್ದಳು. ಮಗಳು ಮಣಿಪಾಲದ ಬಸ್ಸು ಹತ್ತಿದಳು, ತಾಯಿ ಸಂತೆಕಟ್ಟೆಯ ಕಡೆಯದು.

ಬಸ್ಸಿನಲ್ಲಿ ತೆರೆಸಾಗೆ ಮೊದಲು ಬಂದದ್ದು ನಾಚಿಕೆ. ಕುಣಿಯದ ಕುಣಿತಕ್ಕೆ ಇಪ್ಪತ್ತೆರಡು ವರ್ಷ ಹೊಟ್ಟೆ ಉರಿಸಿಕೊಂಡೆನಲ್ಲ ಎಂದುಕೊಂಡಳು. ಅವನಿಗೆ ಹೊಯಿಗೆಯೂ ಇರಲಿಲ್ಲ, ಗಿಟಾರೂ ಇರಲಿಲ್ಲ. ಬೇರೆಯವರು ಉಂಡು ಬಂದ ಊಟದ ರುಚಿ ಕೇಳಿ ತನಗೆ ಬರೆಯುತ್ತಿದ್ದ ಬಡಪಾಯಿ. ಕರಾವಳಿ ಬೈಪಾಸು ದಾಟುವಷ್ಟರಲ್ಲಿ ಅವಳಿಗೆ ಅವನ ಮೇಲೆ ಕನಿಕರವೇ ಹುಟ್ಟಿತ್ತು, ಇವತ್ತು ಅವನಿಗೆ ಇಷ್ಟದ ಬೂತಾಯಿ ಮೀನಿನ ಹುಳಿಖಾರದ ಪುಳಿಮುಂಚಿ ಮಾಡಬೇಕು ಎಂದೂ ಅನಿಸಿತು. ಅಂಬಾಗಿಲಿನಲ್ಲಿ ಬಸ್ಸು ನಿಂತಾಗ ಇನ್ನೊಂದು ಯೋಚನೆ ಬಂತು. ಮಂಗಳವಾರ ಅವನು ಹಡಗಿನಲ್ಲೇ ಇದ್ದನಾದರೆ, ಚೀಟಿ ಬಂದದ್ದೂ ಹಡಗಿಗೇ ಅಲ್ಲವೇ?

ಮನೆಯ ಹಿಂದೆ, ಬಾವಿಕಟ್ಟೆಯ ಪಕ್ಕದ ಕಲ್ಲಿನ ಮೇಲೆ ಇಮ್ಯಾನುಯೆಲ್ ಬೂತಾಯಿ ಮೀನು ಕೊಯ್ದು ಶುಚಿ ಮಾಡುತ್ತ ಕುಳಿತಿದ್ದ. ಅವಳು ಚಪ್ಪಲಿ ಕಳಚದೆ ಅಲ್ಲಿಗೇ ಹೋದಳು.

"ಲಿಯೋನೆಲ್ ಸಿಕ್ಕಿದ. ಕಾರ್ಕಳದವ. ಮದುವೆಗೆ ಹೋದದ್ದು ಅವನಂತೆ."

ಕತ್ತಿ ನಿಂತಿತು. "ಹೌದು," ಎಂದ.

"ನೀವು ಹಡಗಿನಲ್ಲಿ ಇದ್ದಿರಿ."

"ಹೌದು."

"ಚೀಟಿ ಯಾವಾಗ ಸಿಕ್ಕಿತು?"

ತೊಳೆದ ಮೀನನ್ನೇ ಅವನು ಮತ್ತೊಮ್ಮೆ ತೊಳೆದ. "ಮಂಗಳವಾರ. ಮಧ್ಯಾಹ್ನ ಊಟಕ್ಕೆ ಮೊದಲು. ನಮ್ಮ ಮೇಲಿನ ಆಫೀಸರನೇ ತಂದು ಕೊಟ್ಟ. ಮಗುವಿಗೆ ಜ್ವರ ಜೋರುಂಟು, ಕೂಡಲೇ ಬರಬೇಕು ಅಂತ ಇತ್ತು."

"ಅವ ಎಂತ ಹೇಳಿದ?"

"ಸಂಜೆ ಐದಕ್ಕೆ ದ್ವೀಪದಿಂದ ವಿಮಾನ ಉಂಟು, ಹೋಗುದಾದರೆ ಹೋಗು, ಮುಂದಿನ ಕರಾರಿಗೆ ಕರೆಯುದು ಮಾತ್ರ ಹೇಳಲಿಕ್ಕೆ ಆಗುದಿಲ್ಲ ಅಂದ."

"ಮತ್ತೆ?"

"ಮಕ್ಕಳಿಗೆ ಜ್ವರ ಬರ್ತದೆ, ಬಿಡ್ತದೆ ಅಂತ ಗ್ರಹಿಸಿದೆ ತೆರೆಸಾ." ಅವನ ಸ್ವರ ಮೀನಿನ ಪಾತ್ರೆಯೊಳಗೆ ಬಿದ್ದಂತಿತ್ತು. "ಲಿಯೋನೆಲ್‌ನ ಪಾಳಿ ಒಪ್ಪಿಕೊಂಡು ಆಗಿತ್ತು. ಅವ ಇಳಿದು ಹೋಗಿ ಆಗಿತ್ತು. ಹೇಗೆ ಬಿಟ್ಟು ಬರುದು?"

ಊರಿಗೆ ಉಪಕಾರಿ, ಮನೆಗೆ ಮಾರಿ ಎಂಬ ಗಾದೆಯನ್ನು ಜನ ಸುಮ್ಮನೆ ಕಟ್ಟಲಿಲ್ಲ. ಯಾರೋ ಒಬ್ಬ ಮದುವೆಯೂಟ ಉಣ್ಣಲಿ ಎಂದು ಈ ಮನುಷ್ಯ ಹಡಗು ಕಾದ. ಬೇರೆ ವಾರವಾಗಿದ್ದರೆ ಹಡಗು ನಡುನೀರಿನಲ್ಲಿದ್ದಿರಬಹುದಿತ್ತು, ಅವನು ರೆಕ್ಕೆ ಕಟ್ಟಿಕೊಂಡು ಹಾರಬೇಕಿತ್ತು. ಆ ವಾರ ಅದು ನೆಲಕ್ಕೆ ಹಗ್ಗ ಕಟ್ಟಿ, ಮೆಟ್ಟಿಲು ಇಳಿಬಿಟ್ಟು, ಎರಡು ದಿನ ನಿಂತಿತ್ತು. ಇಳಿದಿದ್ದರೆ ಗುರುವಾರ ಬೆಳಿಗ್ಗೆ ಮಣಿಪಾಲದಲ್ಲಿರುತ್ತಿದ್ದ. ಗುರುವಾರ ಇವಾನ್ ಎರಡು ಚಮಚ ಗಂಜಿ ನೀರು ಕುಡಿದಿದ್ದ, ಡ್ಯಾಡಿ ಹಡಗು ತರ್ತಾರಾ ಎಂದು ಕೇಳಿದ್ದ.

"ಮತ್ತೆ ಆ ಮದುವೆ ಕಥೆ ಯಾಕೆ ಹೇಳಿದಿರಿ?"

"ಚೀಟಿ ಸಿಗಲಿಲ್ಲ ಅನ್ನಬೇಕಾದರೆ ನಾನು ಹಡಗಿನಲ್ಲಿ ಇರಬಾರದಿತ್ತು." ಕತ್ತಿ ಪಕ್ಕಕ್ಕಿಟ್ಟು ಹೇಳಿದ, "ಕುಣಿಯಲಿಕ್ಕೆ ಹೋದವ ಅಂತ ನೀನು ಬೈದರೆ ತಡೆದುಕೊಳ್ಳಬಹುದು ಅಂತ ಗ್ರಹಿಸಿದೆ. ನೀನು ಬೈಯಲೂ ಇಲ್ಲ."

ತೆರೆಸಾಳ ಪಾಲಿಗೆ ಕುಣಿಯುತ್ತಿದ್ದ ಗಂಡ ಎಷ್ಟೋ ವಾಸಿ ಇದ್ದ. ಅವನಿಗೆ ಗೊತ್ತಿರಲಿಲ್ಲ. ಗೊತ್ತಾಗಿದ್ದರೆ ಓಡಿ ಬರುತ್ತಿದ್ದ ಎಂಬುದೊಂದನ್ನು ಅವಳು ಇಪ್ಪತ್ತೆರಡು ವರ್ಷ, ತನಗೇ ತಿಳಿಯದಂತೆ, ಅವನ ಪರವಾಗಿ ಕಾಪಾಡಿಕೊಂಡು ಬಂದಿದ್ದಳು. ಈ ಮನುಷ್ಯ ಚೀಟಿ ಓದಿ, ಮಡಚಿ ಕಿಸೆಗೆ ಹಾಕಿ, ಯಾರದೋ ಹಾಸಿಗೆಯ ಸುಕ್ಕು ಬಿಡಿಸಲು ಹೋಗಿದ್ದ. ಇವನನ್ನು ದ್ವೇಷಿಸಲು ಪುನಃ ಮೊದಲಿನಿಂದ ಶುರು ಮಾಡಬೇಕು, ಅವಳಿಗೆ ವಯಸ್ಸಾಗಿತ್ತು.

ಕೈಚೀಲದೊಳಗೆ ಫೋನು ಹೊಡೆದುಕೊಂಡಿತು. ಆನ್ಸಿಲ್ಲಾ.

"ಮಮ್ಮಿ, ಲಿಯೋನೆಲ್ ಅಂಕಲ್ ಫೋನು ಮಾಡಿದ್ರು. ಇವತ್ತೇ ಹೇಳಬೇಕಂತೆ. ಮಾಡುದಾ, ಬೇಡವಾ?"

"ಮಾಡು," ಎಂದಳು ತೆರೆಸಾ. "ಇಬ್ಬರಿಗೂ ಮಾಡು."

ಇಮ್ಯಾನುಯೆಲ್ ತಲೆ ಎತ್ತಿದ. ಅವನ ಕಣ್ಣಲ್ಲಿ ನೀರು ಬಂದಿತ್ತು, ಕ್ಷಮೆ ಸಿಕ್ಕಿತು ಎಂದುಕೊಂಡಿರಬೇಕು. ತೆರೆಸಾ ಫೋನು ಚೀಲಕ್ಕೆ ಹಾಕಿ ಜಿಪ್ಪು ಎಳೆದಳು.

"ಹಡಗು ನಿಂತ ಎರಡು ದಿನವೂ ನಾನು ಇಳಿಯುತ್ತೇನೆ. ನೀವು ಇಳಿಯಬಾರದು. ಮೆಟ್ಟಿಲ ಹತ್ತಿರ ನಿಂತು ನೋಡಿ, ಕೆಳಗೆ ಮುಟ್ಟಲಿಕ್ಕೆ ಎಷ್ಟು ಹೊತ್ತು ಬೇಕು ಅಂತ."

ಇಮ್ಯಾನುಯೆಲ್ ಮೀನಿನ ಕೈ ತೊಳೆದು, ಪಂಚೆಗೆ ಒರೆಸಿಕೊಂಡ.

"ಆಯ್ತು," ಎಂದ.

ಇಲ್ಲ ಎನ್ನಲಿ, ಇದೊಂದಕ್ಕಾದರೂ ಇಲ್ಲ ಎನ್ನಲಿ ಎಂದು ತೆರೆಸಾ ಅಲ್ಲೇ ಕಾದು ನಿಂತಳು. ಅವನು ಬಗ್ಗಿ ಮೀನಿನ ಪಾತ್ರೆ ಎತ್ತಿಕೊಂಡು, ದಾರಿ ಬಿಡು ಎಂಬಂತೆ ಅವಳ ಮುಂದೆ ನಿಂತ.