ಶೈಲಾಳ ಕಾಲು, ಮಾವನ ಮೂರು ಮೆಂಬರು

ಧುಪದಾಳದ ಶೆಟ್ಟೆವ್ವನ ಮನೆಗೆ ಅಂಚೆಯಲ್ಲಿ ಒಂದು ಬಿಳಿ ಕಾರ್ಡು ಬಂತು. ಅದರ ಮೇಲೆ ಮಗಳು ಶೈಲಾಳ ಫೋಟೋ, ಹೆಸರು, ಊರು. ಅದರ ಬಾಜೂಕ ಒಂದು ಅಂಕಿ: ಶೇಕಡಾ ಮೂವತ್ತೆಂಟು.

ಶೇಕಡಾ ಅಂದರೆ ನಮ್ಮ ಕಡೆ ಎಲ್ಲರಿಗೂ ಗೊತ್ತಿರುವುದು ಒಂದೇ. ಮೂವತ್ತೈದಕ್ಕೆ ಪಾಸು. ಶೆಟ್ಟೆವ್ವನ ಅಣ್ಣ ಲಗಮಪ್ಪ ಆಗ ಕಟ್ಟೆಯ ಮೇಲೆ ಚಹಾ ಕುಡಿಯುತ್ತ ಕೂತಿದ್ದ. ಕಾರ್ಡನ್ನು ದೂರ ಹಿಡಿದು ಓದಿ, ಹತ್ತಿರ ಹಿಡಿದು ಓದಿ, ತೀರ್ಪು ಕೊಟ್ಟ.

"ಪಾಸಾದ್ಲು! ಮ್ಯಾಲ ಮೂರು ಜಾಸ್ತೀನ ಬಂದಾವು."

ಸಂಜೆಗೆ ಗೋಕಾಕದಿಂದ ಕರದಂಟು ಬಂತು. ಓಣಿಯವರೆಲ್ಲ ತಿಂದರು. ಯಾವ ಪರೀಕ್ಷೆ ಅಂತ ಒಬ್ಬರೂ ಕೇಳಲಿಲ್ಲ. ಸಿಹಿ ಕೈಗೆ ಬಂದ ಮೇಲೆ ಅಂಥ ಪ್ರಶ್ನೆ ಕೇಳುವುದು ಮರ್ಯಾದೆಯಲ್ಲ.

ಕೇಳಿದವಳು ವಿಜಯಲಕ್ಷ್ಮಿ. ಆಕೆ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತೆ. ಅಂದರೆ ಊರಿನ ವಿಕಲಚೇತನರ ಅರ್ಜಿ, ಕಾರ್ಡು, ಪಿಂಚಣಿ ಎಲ್ಲ ನೋಡಿಕೊಳ್ಳುವಾಕೆ. ಆಕೆಯದೂ ಒಂದು ಕಾಲಿಗೆ ಪೋಲಿಯೋ. ಮೂರು ಗಾಲಿಯ ಸ್ಕೂಟರ್ ಮೇಲೆ ಓಡಾಡುತ್ತಾಳೆ. ಶೈಲಾಳ ಅರ್ಜಿ ತುಂಬಿಸಿದವಳೂ ಆಕೆಯೇ. ಕರದಂಟು ಬಾಯಿಗೆ ಹಾಕಿಕೊಂಡು ಕಾರ್ಡು ನೋಡಿದಳು. ಅಗಿಯುವುದು ನಿಂತಿತು.

"ಕಾಕಾ, ಇದಕ್ಕ ಹಂಚೀರೇನು?"

"ಮತ್ತ? ಪಾಸಾಗ್ಯಾಳಲ್ಲ."

"ಇದು ಸಾಲಿ ಪರೀಕ್ಷಾ ಅಲ್ರಿ. ಆಕಿ ಕಾಲು ಆಕಿಗೆ ಎಷ್ಟು ಕೈ ಕೊಟ್ಟೈತಿ ಅನ್ನೂದರ ಲೆಕ್ಕ. ನಲವತ್ತು ಇದ್ರ ವಿಕಲಚೇತನರ ಮೀಸಲು ಸೀಟು. ಮೂವತ್ತೆಂಟಕ್ಕ ಇಲ್ಲ."

ಶೆಟ್ಟೆವ್ವ ಕಣ್ಣು ಕಿರಿದು ಮಾಡಿ ಕೇಳಿದಳು: "ಅಂದ್ರ ಹೆಚ್ಚು ಬಂದ್ರ ಚಲೋನೋ, ಕೆಟ್ಟೋ?"

"ಕಾಲಿಗೆ ಕೆಟ್ಟು, ಸೀಟಿಗೆ ಚಲೋ, ಕಾಕಿ."

"ಹಂಗಂದ್ರ ಎರಡು ಮಾರ್ಕಿನಷ್ಟು ಕಡಿಮಿ ಕುಂಟಿದ್ಲು?" ಅಂದ ಲಗಮಪ್ಪ.

ಶೈಲಾ ಎದ್ದು ಒಳಗೆ ಹೋದಳು.

ಆಕೆಗೆ ಇಪ್ಪತ್ತೆರಡು. ಹುಟ್ಟಿನಿಂದ ಬಲಗಾಲಿನ ಕೀಲು ಸೊಂಟದ ಹತ್ತಿರ ಸರಿಯಾಗಿ ಕೂತಿಲ್ಲ. ಕಾಲು ಎರಡು ಬೆರಳಿನಷ್ಟು ಗಿಡ್ಡ. ಗೋಕಾಕದಲ್ಲಿ ಡಿಗ್ರಿ ಮುಗಿಸಿದ್ದಾಳೆ, ಓಣಿಯ ಹುಡುಗರಿಗೆ ಗಣಿತ ಹೇಳಿಕೊಡುತ್ತಾಳೆ, ಬಿ.ಎಡ್. ಮಾಡಿ ಮಾಸ್ತರತಿ ಆಗಬೇಕು ಅಂತ ಏಳನೆಯ ಇಯತ್ತೆಯಿಂದ ಹೇಳುತ್ತ ಬಂದಿದ್ದಾಳೆ. ಆ ಸೀಟು ಸಿಗಬೇಕಾದರೆ ಮೀಸಲಿನಲ್ಲೇ ಸಿಗಬೇಕು. ಮಾಸ್ತರಿಕೆಗೂ ಆಕೆಗೂ ನಡುವೆ ಈಗ ಎರಡು ಅಂಕಿ.

"ಹೊಯ್ಕೊಳ್ಳೂದು ಬ್ಯಾಡ," ಅಂದಳು ವಿಜಯಲಕ್ಷ್ಮಿ. "ಈ ತೀರ್ಮಾನ ಒಪ್ಪಿಗಿ ಆಗಲಿಲ್ಲಂದ್ರ ತೊಂಬತ್ತು ದಿನದಾಗ ಅಪೀಲು ಹಾಕಬಹುದು. ಕಾಯ್ದೆದಾಗ ಐತಿ. ಕಾರ್ಡಿನ ಪ್ರತಿ ಕೊಡ್ರಿ, ನಾ ಬರೀತೇನಿ."

ಅಪೀಲು ಹೋಯಿತು. ಸ್ವಲ್ಪ ದಿನಕ್ಕೆ ಒಂದು ಪತ್ರವೂ ಬಂತು. ಇಂಥ ದಿನ, ಬೆಳಗಾವಿಯಲ್ಲಿ ಇಂಥ ಕಚೇರಿಗೆ, ಮೇಲ್ಮನವಿಯನ್ನು ಕೇಳಲು ನೇಮಕಗೊಂಡ ಸದಸ್ಯರ ಮುಂದೆ ದಾಖಲೆಗಳೊಂದಿಗೆ ಹಾಜರಾಗಬೇಕು.

ಪತ್ರ ಲಗಮಪ್ಪನ ಕೈಗೆ ಸಿಕ್ಕಿತು. ಅಲ್ಲಿಂದ ಮುಂದಿನದು ಅವನ ಕೆಲಸ.

ಲಗಮಪ್ಪ ಇಪ್ಪತ್ತು ವರ್ಷದಿಂದ ಪಂಚ. ಕುರಿ ಯಾರದೋ ಕಬ್ಬಿಗೆ ಹೊಕ್ಕರೆ, ಯಾರದೋ ಬದು ಸರಿದರೆ, ಅವನು ರುಮಾಲು ಸುತ್ತಿ, ಕಂಬಳಿ ಹೆಗಲಿಗೆ ಹಾಕಿ ಹೊರಡುತ್ತಾನೆ. ಪಂಚಾಯ್ತಿಕೆಯ ಪದ್ಧತಿ ಅವನಿಗೆ ಬಾಯಿಪಾಠ. ಆ ಕಡೆಯವರು ತಮ್ಮ ಪಂಚರನ್ನು ತರುತ್ತಾರೆ, ಈ ಕಡೆಯವರು ತಮ್ಮವರನ್ನು ತರುತ್ತಾರೆ. ಪಂಚರಿಲ್ಲದೆ ಬಂದವನು ಸೋತಂತೆಯೇ ಲೆಕ್ಕ.

"ಸರ್ಕಾರದವರು ತಮ್ಮ ಮೆಂಬರನ್ನ ನೇಮಿಸ್ಯಾರ," ಅಂದ. "ನಮ್ಮ ಮೆಂಬರನ್ನ ನಾವು ನೇಮಿಸಬೇಕಲ್ಲ?"

ಮನೆಯವರು ತಲೆಯಾಡಿಸಿದರು. ಕೇಳಿದರೆ ನ್ಯಾಯವೇ ಅನಿಸುತ್ತಿತ್ತು.

ಮೂರು ತಾಲೂಕಿಗೆ ಒಬ್ಬೊಬ್ಬರು ಅಂತ ಅವನು ಗೊತ್ತು ಮಾಡಿಕೊಂಡ. ಯಾರೂ ಮುನಿಸಿಕೊಳ್ಳಬಾರದು ನೋಡಿ. ಗೋಕಾಕದ ಕಡೆಯಿಂದ ತಾನೇ. ಮೂಡಲಗಿಯಿಂದ ಮಾಲಿಂಗ; ಮುರಿದ ಕುರಿಕಾಲು ಕಟ್ಟುವುದರಲ್ಲಿ ಅವನನ್ನು ಬಿಟ್ಟರಿಲ್ಲ, ಇದೂ ಕಾಲಿನ ವಿಷಯವೇ ಅಲ್ಲವೇ. ಹುಕ್ಕೇರಿಯಿಂದ ಅಪ್ಪಣ್ಣ, ಕಿರಾಣಿ ಅಂಗಡಿಯವರು, ಬೆಳಗಾವಿಯ ಆಫೀಸುಗಳ ಮೆಟ್ಟಿಲು ಹತ್ತಿ ಇಳಿದವರು, ಮರಾಠಿಯಲ್ಲಿ ಬೇಕಾದರೂ ವಾದ ಮಾಡಬಲ್ಲವರು. ಎರಡು ದಿನ ಬಸ್ಸಿನಲ್ಲಿ ತಿರುಗಿ, ಇಬ್ಬರಿಗೂ ಎಲೆ ಅಡಿಕೆ ಕೊಟ್ಟು ಒಪ್ಪಿಸಿ ಬಂದ. ನೇಮಕಾತಿ ಮುಗಿಯಿತು.

ಸುದ್ದಿ ಕೇಳಿ ವಿಜಯಲಕ್ಷ್ಮಿಯ ಸ್ಕೂಟರ್ ಬಾಗಿಲಿಗೆ ಬಂತು.

"ಕಾಕಾ, ಅಪೀಲು ಹಾಕಿದವರು ಮೆಂಬರನ್ನ ನೇಮಿಸಾಕ ಬರೂದಿಲ್ರಿ. ಅವರನ್ನ ಸರ್ಕಾರ ನೇಮಿಸತೈತಿ. ತಿಳಿದ ಡಾಕ್ಟರು ಮತ್ತೊಮ್ಮಿ ನೋಡ್ತಾರು."

"ಮೊದಲ ಬರೆದವರೂ ಡಾಕ್ಟರ. ಒಬ್ಬರ ಬರಹ ಇನ್ನೊಬ್ಬರು ಹ್ಯಾಂಗ ಅಳಸ್ತಾರ? ಎಲ್ಲಾರೂ ಒಂದ ದಾವಣಿ ದನ."

"ಅದಕ್ಕ ಅಪೀಲು ಕೇಳಾಕ ಬ್ಯಾರೆ ಜನ ಇಡೂದ್ರಿ. ಬರೆದವರ ಮತ್ತ ಕುಂತ್ರ ಅದ್ಯಾತರ ಅಪೀಲು?"

ಲಗಮಪ್ಪ ಇದನ್ನು ಎಲೆಯ ಜೊತೆ ಅಗಿದು ನುಂಗಿದ. "ಆತು, ಬ್ಯಾರೆಯವರ ಕುಂದ್ರಲಿ. ನಮ್ಮ ಕಡಿಂದ ಮಾತಾಡೋರು ಯಾರು?"

"ಶೈಲಾ."

ಬಾಗಿಲಲ್ಲಿ ನಿಂತಿದ್ದ ಶೈಲಾಳನ್ನು ಎಲ್ಲರೂ ಹೊಸದಾಗಿ ಕಂಡವರ ಹಾಗೆ ನೋಡಿದರು. ಅವಳ ಕಾಲಿನ ಬಗ್ಗೆ ಅವಳೇ ಮಾತಾಡುವುದು ಈವರೆಗೆ ಯಾರ ಯೋಚನೆಗೂ ಬಂದಿರಲಿಲ್ಲ.

ವಿಜಯಲಕ್ಷ್ಮಿ ಕೇಳಿದಳು: "ಖರೆ ಹೇಳವಾ. ಮೊದಲನೇ ಸಲ ಡಾಕ್ಟರ ಮುಂದ ಏನಾತು?"

ಶೈಲಾ ಅವ್ವನ ಮುಖ ನೋಡಿದಳು. ಆಮೇಲೆ ನೆಲ ನೋಡಿ ಹೇಳಿದಳು.

"ಚಪ್ಪಲಿ ಕಳಿ ಅಂದ್ರು. ಕಳದೆ. ಬಲಗಾಲು ತುದಿಬೆರಳ ಮ್ಯಾಲ ಇಟ್ಟು ನಿಂತೆ, ನೆಟ್ಟಗ ಕಾಣಲಿ ಅಂತ. ನಡದು ತೋರಸು ಅಂದ್ರು. ಹಂಗ ನಡದೆ. ಕೆಳಗ ಕುಂದ್ರಾಕ ಬರ್ತೈತೇನು ಅಂದ್ರು. ಬರ್ತೈತ್ರಿ ಅಂದೆ. ಉಸಿರು ಹಿಡದು ಒಮ್ಮಿ ಕುಂತೆ, ಎದ್ದೆ. ಬ್ಯಾನಿ ಐತೇನು ಅಂದ್ರು. ಇಲ್ಲ ಅಂದೆ."

"ಆಮ್ಯಾಲ?"

"ಆಮ್ಯಾಲ ಎರಡು ದಿನ ಹಾಸಿಗಿ ಬಿಟ್ಟು ಏಳಲಿಲ್ಲ."

"ಹುಚ್ಚಿ! ಯಾಕ ಹಂಗ ಮಾಡಿದಿ?"

ಉತ್ತರ ಶೆಟ್ಟೆವ್ವನಿಂದ ಬಂತು. "ನಾನ ಕಲಿಸೇನವಾ. ನೋಡಾಕ ಬಂದವರ ಮುಂದ ಕುಂಟಬ್ಯಾಡ ಅಂತ. ಹತ್ತು ವರ್ಷದಾಕಿ ಇದ್ದಾಗಿಂದ ಕಲಿಸೇನಿ. ಗಂಡಿನವರು ಬಂದ್ರ, ಬೀಗರು ಬಂದ್ರ, ಸಾಹೇಬರು ಬಂದ್ರ... ಡಾಕ್ಟರೂ ನೋಡಾಕ ಬಂದವರ ಅಂತ ತಿಳದೆ."

ಹೀಗೆ ಕನ್ಯಾ ನೋಡುವ ಶಾಸ್ತ್ರದ ಪ್ರಕಾರ ನಡೆದ ವೈದ್ಯಕೀಯ ತಪಾಸಣೆಯಲ್ಲಿ ಹುಡುಗಿ ಪಸಂದಾಗಿದ್ದಳು. ಡಾಕ್ಟರು ಕಂಡದ್ದನ್ನು ಬರೆದಿದ್ದರು. ಅವರದು ತಪ್ಪು ಅನ್ನುವ ಹಾಗಿರಲಿಲ್ಲ.

"ಹಂಗಾದ್ರ ಈ ಸಲ ದಬಕ್ಕನ ಬಿದ್ದಬಿಡಲಿ," ಅಂದ ಲಗಮಪ್ಪ, ಬಹಳ ಉಪಕಾರ ಮಾಡುವವನ ಹಾಗೆ.

"ಅದೂ ಸುಳ್ಳ ಕಾಕಾ. ಬೀಳೂದೂ ಬ್ಯಾಡ, ಮುಚ್ಚೂದೂ ಬ್ಯಾಡ. ಮನ್ಯಾಗ ಹ್ಯಾಂಗ ನಡೀತಾಳ ಹಂಗ ನಡೀಲಿ. ಕಾಕಿ, ಹಳೇ ಎಕ್ಸ್‌ರೇ, ಡಾಕ್ಟರ ಚೀಟಿ ಏನರ ಅದಾವೇನು?"

ಶೆಟ್ಟೆವ್ವ ಟ್ರಂಕಿನ ತಳದಿಂದ ಒಂದು ಗಂಟು ತೆಗೆದಳು. ಹದಿನೆಂಟು ವರ್ಷದ ಕಾಗದಗಳು ಧಾರೆಯ ಸೀರೆಯಲ್ಲಿ ಸುತ್ತಿದ್ದವು. ಸಂಬಂಧ ಕೇಳಲು ಬಂದವರ ಕಣ್ಣಿಗೆ ಬೀಳಬಾರದು ಅಂತ ಇಟ್ಟಿದ್ದು. ಮೊದಲ ಸಲವೂ ಅವು ಟ್ರಂಕು ಬಿಟ್ಟು ಹೊರಗೆ ಬಂದಿರಲಿಲ್ಲ.

ಆ ದಿನ ಬಂತು. ಘಟಪ್ರಭಾದಿಂದ ಬಸ್ಸು. ಮೂವರು ಹೆಂಗಸರಿಗೆ ಸರ್ಕಾರದ ಪುಕ್ಕಟೆ ಟಿಕೆಟು. ಮೂವರು ಮೆಂಬರು ಟಿಕೆಟು ತೆಗೆದರು. ಬರಬೇಡಿ ಅಂತ ವಿಜಯಲಕ್ಷ್ಮಿ ಎಷ್ಟು ಹೇಳಿದರೂ, ಎಲೆ ಅಡಿಕೆ ತೆಗೆದುಕೊಂಡ ಮೇಲೆ ಹಿಂದೆ ಸರಿಯುವುದು ಹೇಗೆ ಅನ್ನುವುದು ಅವರ ಪ್ರಶ್ನೆ.

ಕಚೇರಿಯಲ್ಲಿ ವಿಜಯಲಕ್ಷ್ಮಿ, ಶೈಲಾ, ಶೆಟ್ಟೆವ್ವ ಹೆಸರು ಬರೆಸಲು ಒಂದು ಖಿಡಕಿಗೆ ಹೋದರು. ಮೆಂಬರು ನೇರ ಬಾಗಿಲಿಗೆ ಹೋದರು. ಬಾಗಿಲಲ್ಲಿದ್ದ ಸಿಪಾಯಿ ರುಮಾಲು ನೋಡಿದ, ಕಂಬಳಿ ನೋಡಿದ.

"ಯಾರು ನೀವು?"

"ಮೆಂಬರು. ಅಪೀಲಿಂದು."

ಅವರ ದನಿಯಲ್ಲಿ ಸಂಶಯದ ಎಳೆಯೂ ಇರಲಿಲ್ಲ. ಸಿಪಾಯಿ ಎದ್ದು ನಿಂತ. ಒಳಗೆ ಕರೆದುಕೊಂಡು ಹೋಗಿ ಮೇಜಿನ ಹಿಂದಿನ ಮೂರು ಕುರ್ಚಿಗಳಲ್ಲಿ ಕೂರಿಸಿ, ನೀರು ಕೊಟ್ಟ. ಮಾಲಿಂಗ ಫ್ಯಾನು ಜೋರು ಮಾಡಿಸಿದ.

ಐದು ನಿಮಿಷಕ್ಕೆ ನಿಜವಾದ ಸದಸ್ಯರು ಬಂದರು. ಇಬ್ಬರು ಗಂಡಸರು, ಒಬ್ಬ ಹೆಂಗಸು, ಮೂವರೂ ಡಾಕ್ಟರು. ಕೂರಲು ಕುರ್ಚಿ ಇರಲಿಲ್ಲ.

"ನೀವು...?" ಅಂದರು ಡಾಕ್ಟರಮ್ಮ.

"ಹುಡುಗಿ ಕಡಿ ಮೆಂಬರ್ ರೀ," ಅಂದ ಲಗಮಪ್ಪ. "ನೀವು ಸರ್ಕಾರದ ಕಡಿ ಏನ್ರಿ? ಬರ್ರಿ, ಸರದು ಕುಂದ್ರೂಣು."

ಡಾಕ್ಟರಮ್ಮ ಸಿಪಾಯಿಯನ್ನು ನೋಡಿದರು. ಸಿಪಾಯಿ ಗೋಡೆಯನ್ನು ನೋಡಿದ.

"ನಮ್ಮನ್ನ ನೇಮಿಸಿದ್ದು ಸರ್ಕಾರಾರೀ ಯಜಮಾನರ," ಅಂದರು ಆಕೆ. "ಆದ್ರ ನಾವು ಆ ಕಡೀನೂ ಅಲ್ಲ, ಈ ಕಡೀನೂ ಅಲ್ಲ. ಕಾಲಿನ ಕಡಿ. ನೀವು ಹೊರಗ ಕುಂದರ್ರಿ. ಆಕೀನ್ನ ಕಳಸ್ರಿ."

ಅಪ್ಪಣ್ಣ ಮೊದಲು ಎದ್ದರು. ಆಫೀಸು ಕಂಡವರು ಅವರೊಬ್ಬರೇ.

ಒಳಗೆ ಶೈಲಾ, ಶೆಟ್ಟೆವ್ವ. ಮೇಜಿನ ಮೇಲೆ ಧಾರೆಯ ಸೀರೆಯ ಗಂಟು ಬಿಚ್ಚಿಕೊಂಡಿತು. ಡಾಕ್ಟರು ಎಕ್ಸ್‌ರೇಗಳನ್ನು ಒಂದೊಂದಾಗಿ ಬೆಳಕಿಗೆ ಹಿಡಿದು ನೋಡಿದರು.

"ಚಪ್ಪಲಿ ತಗದು ಇಲ್ಲಿ ನಿಂದರವಾ."

ಶೈಲಾ ನಿಂತಳು. ನೆಟ್ಟಗೆ, ಚೆಂದಾಗಿ, ಯಾವ ಬೀಗರಾದರೂ ಒಪ್ಪುವ ಹಾಗೆ. ಬಲಗಾಲು ತನ್ನಿಂತಾನೇ ತುದಿಬೆರಳ ಮೇಲೆ ಏರಿತ್ತು. ಹನ್ನೆರಡು ವರ್ಷದ ಅಭ್ಯಾಸ. ಅದಕ್ಕೆ ಅಪೀಲಿನ ಕಾಯ್ದೆ ಗೊತ್ತಿರಲಿಲ್ಲ.

ಡಾಕ್ಟರು ಪೆನ್ನು ತೆಗೆದರು.

"ಹಿಮ್ಮಡ ಊರು, ಶೈಲಾ," ಅಂದಳು ಶೆಟ್ಟೆವ್ವ.

ಶೈಲಾ ತಿರುಗಿ ನೋಡಿದಳು.

"ಊರವಾ. ಯಾರ ನೋಡಿದ್ರೂ ನೋಡ್ಲಿ."

ಹಿಮ್ಮಡ ನೆಲಕ್ಕೆ ಬಂತು. ಸೊಂಟ ಬಲಕ್ಕೆ ಇಳಿಯಿತು, ಹೆಗಲು ಎಡಕ್ಕೆ ವಾಲಿತು. ಶೈಲಾ ಕೋಣೆಯ ಆ ತುದಿಗೆ ನಡೆದು ಬಂದಳು, ಮನೆಯಲ್ಲಿ ನಡೆಯುವ ಹಾಗೆ. ಶೆಟ್ಟೆವ್ವ ಸೆರಗಿನಿಂದ ಮುಖ ಮುಚ್ಚಲಿಲ್ಲ, ಪೂರ್ತಿ ನೋಡಿದಳು.

ಆಮೇಲೆ ಪ್ರಶ್ನೆಗಳು. ಶೈಲಾ ಪಾಠ ಹೇಳುವವಳ ಹಾಗೆ ಉತ್ತರ ಹೇಳಿದಳು. ಕೆಳಗೆ ಕೂತರೆ ಏಳಲು ಗೋಡೆ ಬೇಕು. ಕಾಲೇಜಿನ ಮೆಟ್ಟಿಲು ಒಂದೊಂದಕ್ಕೂ ಎರಡೂ ಕಾಲು ಇಟ್ಟು ಹತ್ತುತ್ತಿದ್ದೆ. ನೀರಿನ ಕೊಡ ಅವ್ವ ತರುತ್ತಾಳೆ. ಸಂಜೆಯಾದರೆ ಬ್ಯಾನಿ. ಹೆಚ್ಚೂ ಹೇಳಲಿಲ್ಲ, ಕಡಿಮೆಯೂ ಹೇಳಲಿಲ್ಲ.

ಹೊರಗೆ ಲಗಮಪ್ಪ ಕಾಯುತ್ತಿದ್ದ. "ಏನಂದ್ರು? ನಾ ಒಳಗ ಬರ್ಲೇನು?"

"ಮುಗೀತು ಮಾವಾ," ಅಂದಳು ಶೈಲಾ. ಅವತ್ತು ಬಸ್ ಸ್ಟ್ಯಾಂಡಿನವರೆಗೂ ಹಿಮ್ಮಡ ಊರಿಕೊಂಡೇ ನಡೆದಳು.

ಕೆಲವು ವಾರಕ್ಕೆ ಹೊಸ ಕಾರ್ಡು ಬಂತು. ಬಿಳಿಯದಲ್ಲ, ನಲವತ್ತು ಮುಟ್ಟಿದವರಿಗೆ ಕೊಡುವ ಹಳದಿ. ಶೇಕಡಾ ನಲವತ್ತೆಂಟು. ಸೀಟಿನ ಅರ್ಜಿಗೆ ಇನ್ನೂ ದಿನ ಇತ್ತು; ಅವತ್ತೇ ತುಂಬಿದರು. ಲಗಮಪ್ಪ ಕಾರ್ಡು ಹಣೆಗೆ ಒತ್ತಿಕೊಂಡ: "ದೇವರ ಭಂಡಾರ, ಅರಿಷಿಣದ ಬಣ್ಣ." ನಾವು ಮೂವರು ಹೋಗಿ ಕೂತಿದ್ದಕ್ಕೇ ಹತ್ತು ಅಂಕಿ ಏರಿತು ಅಂತ ಅವನು ಇಂದಿಗೂ ಮೂರು ತಾಲೂಕಿನಲ್ಲಿ ಹೇಳುತ್ತಾನೆ. ಆದರೆ ಈ ಸಲ ಗೋಕಾಕದ ಬಸ್ಸು ಹತ್ತುವ ಮೊದಲು ವಿಜಯಲಕ್ಷ್ಮಿಗೆ ಫೋನು ಮಾಡಿದ.

"ಇದಕ್ಕ ಕರದಂಟು ಹಂಚಬಹುದಲ್ಲವಾ?"

"ಹಂಚ್ರಿ ಕಾಕಾ. ನನಗ ಎರಡು ಇಡ್ರಿ."

ಓದುವವರೇ, ಕೇಳುವವರೇ, ನಿಮ್ಮ ಮನೆಯಲ್ಲೂ ಇಂಥ ಒಂದು ಕಾರ್ಡು ಬಂದಿರಬಹುದು. ಅಂಕಿ ಸರಿಯಿಲ್ಲ ಅನಿಸಿದರೆ ಹಣೆಬರಹ ಅಂತ ಟ್ರಂಕಿಗೆ ಹಾಕಬೇಡಿ. ತೊಂಬತ್ತು ದಿನ ಬೇಗ ಮುಗಿಯುತ್ತವೆ. ನಿಮ್ಮ ಪಂಚಾಯಿತಿಯ ಪುನರ್ವಸತಿ ಕಾರ್ಯಕರ್ತರನ್ನು ಕೇಳಿ, ಅಪೀಲು ಬರೆಸಿ. ಮುಚ್ಚಿಟ್ಟ ಹಳೆಯ ಕಾಗದಗಳನ್ನು ಹೊರಗೆ ತೆಗೆಯಿರಿ. ಕೇಳುವ ಸದಸ್ಯರನ್ನು ನೇಮಿಸುವ ಚಿಂತೆ ನಿಮಗೆ ಬೇಡ, ಅದು ಸರ್ಕಾರದ ಕೆಲಸ. ನಿಮ್ಮ ಕೆಲಸ ಇದ್ದದ್ದನ್ನು ಇದ್ದ ಹಾಗೆ ಹೇಳುವುದು. ಡಾಕ್ಟರು ನಿಮ್ಮ ಮನೆಗೆ ಹೆಣ್ಣು ನೋಡಲು ಬಂದವರಲ್ಲ. ಅವರ ಮುಂದೆ ಹಿಮ್ಮಡ ಊರಿ ನಿಲ್ಲಿ.