ಮುನಿಸಿಗೆ ಮುನಿಸೇ ಮದ್ದು

ದರ್ಜಿಯ ಹೆಂಡತಿ ಬೆಳಗಿನಿಂದ ತುಟಿ ಬಿಚ್ಚಿರಲಿಲ್ಲ. ನಿನಗಿಂತ ನಿನ್ನ ತಂಗಿಯೇ ಗುಂಡಿಗೆ ಕಾಜಾ ಚೆನ್ನಾಗಿ ಹಾಕುತ್ತಾಳೆ ಎಂದು ಗಿರಾಕಿಗಳ ಎದುರೇ ಅವನು ನಾಲಿಗೆ ಜಾರಿಸಿದ್ದ. ಇಬ್ಬರದೂ ಒಂದೇ ಅಂಗಡಿ. ಅವಳ ಮಾತು ಕಿವಿಗೆ ಬೀಳದಿದ್ದರೆ ಅವನ ಕಾಲು ಮೆಷಿನ್ನಿನ ಮೇಲೆ ಓಡದು. ತಡೆಯಲಾರದೆ ಪಕ್ಕದ ಹೋಮಿಯೋಪತಿ ಡಾಕ್ಟರ ಹತ್ತಿರ ಹೋದ.

"ಮುಳ್ಳನ್ನ ಮುಳ್ಳಿಂದಲೇ ತೆಗೀಬೇಕು ಕಣಯ್ಯ. ನೀನೂ ಮುನಿಸ್ಕೋ. ಆದ್ರೆ ಸಾಸಿವೆ ಕಾಳಷ್ಟು ಮಾತ್ರ!"

ಬಟ್ಟೆಯನ್ನೇ ಯಾವಾಗಲೂ ಗೇಣು ಹೆಚ್ಚು ಬಿಡುವವನು, ಮುನಿಸನ್ನು ಅಳೆದು ಬಿಟ್ಟಾನೆಯೆ? ಹೆಂಡತಿಗೆ ಬೆನ್ನು ಹಾಕಿ, ಕೆನ್ನೆ ಉಬ್ಬಿಸಿ, ಗೋಡೆ ನೋಡುತ್ತಲೇ ಹೊಲಿದ. ಗಿರಾಕಿಯ ಕೋಟಿನ ತೋಳಿಗೆ ತನ್ನ ಅಂಗಿಯ ತೋಳನ್ನೂ ಸೇರಿಸಿ ಹೊಲಿದುಕೊಂಡ. ಕತ್ತರಿ ಅವಳ ಮಡಿಲಲ್ಲಿತ್ತು. ಬಾಯಿಬಿಟ್ಟು ಕೇಳಿದರೆ ಮದ್ದು ಕೆಡುತ್ತದಲ್ಲ! ಹಾಗೆಯೇ ಕೂತ.

ಅಷ್ಟರಲ್ಲಿ ಗಿರಾಕಿ ಬಂದು ಅವಸರದಲ್ಲಿ ಕೋಟು ಎತ್ತಿಕೊಂಡ. ದರ್ಜಿಯೂ ಎದ್ದ. ಗಿರಾಕಿ ಬಾಗಿಲಿಗೆ ನಡೆದ. ದರ್ಜಿಯೂ ಕೆನ್ನೆ ಉಬ್ಬಿಸಿಕೊಂಡೇ ಹಿಂದೆ ನಡೆದ.

"ಏನ್ರೀ, ಅವ್ರ ಮನೇಗೇ ಹೊರಟ್ರಾ?" ಎಂದು ಹೆಂಡತಿ ಹೊಟ್ಟೆ ಹಿಡಿದುಕೊಂಡು ನಕ್ಕಳು.

ದರ್ಜಿಯ ಕಣ್ಣಲ್ಲಿ ನೀರೇ ಬಂತು. "ಅಂತೂ ಬಾಯಿ ಬಿಟ್ಯಲ್ಲೇ!"

"ಬಿಡದೆ ಇನ್ನೇನ್ ಮಾಡ್ಲಿ? ಕಟ್ಕೊಂಡ ಗಂಡನ್ನ ಕೋಟಿನ ಜೊತೆ ಕಳಿಸಿಬಿಡ್ಲಾ?"

ಹಾಗೆನ್ನುತ್ತ ಅವಳು ದಾರ ಬಿಡಿಸಲು ಕೂತಳು. ಗಿರಾಕಿ ಮಾತ್ರ, ಅದನ್ನೂ ಎಲ್ಲಿ ಹೊಲಿದುಕೊಂಡಾನೋ ಎಂದು, ಕೋಟಿನ ಇನ್ನೊಂದು ತೋಳನ್ನು ಬಿಗಿಯಾಗಿ ಹಿಡಿದುಕೊಂಡೇ ನಿಂತಿದ್ದ.